ನೀಲವೇಣಿಯ ಸಹಿ

ನಮ್ಮೂರಿನ ಆಸ್ಪತ್ರೆಗೆ ಕಾಗದಪತ್ರದಲ್ಲಿ ಉದ್ದನೆಯದೊಂದು ಹೆಸರಿದೆ. ಜನ ಕರೆಯುವುದು ತಡದಾಸ್ಪತ್ರೆ ಅಂತ. ನಾನು ಅಲ್ಲಿ ಇಪ್ಪತ್ತೆರಡು ವರ್ಷದಿಂದ ಕಿಟಕಿಯ ಹಿಂದೆ ಕೂತು ಚೀಟಿ ಬರೆಯುತ್ತಿದ್ದೇನೆ. ಕೋಣೆಗಳ ಬೀಗದ ಕೈ ಕೂಡ ನನ್ನ ಸೊಂಟದಲ್ಲೇ ಇರುತ್ತದೆ. ಹೆಸರು ದಾಕ್ಷಾಯಣಿ.

ಮನಸ್ಸು ಭಾರವಾದವರ ಮಾತು ನಮ್ಮೂರಲ್ಲಿ ತಡವಾಗಿ ಕೇಳಿಸುತ್ತದೆ. ತುಟಿ ಆಡುತ್ತದೆ, ಸದ್ದು ಬರುವುದಿಲ್ಲ. ಐದು ನಿಮಿಷಕ್ಕೋ ಒಂದು ಗಂಟೆಗೋ ಆ ಮಾತು ಕೇಳಿಸುತ್ತದೆ, ಎಲ್ಲಿ ನಿಂತು ಆಡಿದ್ದರೋ ಅಲ್ಲೇ. ಆಡಿದವರು ಅಲ್ಲಿರಲಿ, ಎದ್ದು ಹೋಗಿರಲಿ. ನಮಗೆಲ್ಲ ಇದು ರೂಢಿ. ಕಿರಾಣಿ ಅಂಗಡಿಗಳ ಮುಂದೆ ಬೆಂಚು ಇರುತ್ತದೆ. ಬೇಕಾದ ಸಾಮಾನು ಹೇಳಿ ಕೂತರೆ, ಮಾತು ಬಂದ ಮೇಲೆ ಅಂಗಡಿಯವನು ಕಟ್ಟಿಕೊಡುತ್ತಾನೆ. ಗಣಿತದ ಪೀರಿಯಡ್ಡಿನಲ್ಲಿ ಒಪ್ಪಿಸಿದ ಹದಿಮೂರರ ಮಗ್ಗಿ ಸಮಾಜದ ಪಾಠದ ನಡುವೆ ಕೇಳಿಸಿದರೆ ಮೇಷ್ಟ್ರು ಪಾಠ ನಿಲ್ಲಿಸಿ, ಪೂರ್ತಿ ಕೇಳಿಸಿಕೊಂಡು, ತಪ್ಪಿದ್ದರೆ ತಿದ್ದಿ ಮುಂದಕ್ಕೆ ಹೋಗುತ್ತಾರೆ. ನೆಗಡಿಯಾಗಿದೆ ಅಂದ ಹಾಗೆ ‘ಅವರಿಗೆ ಈಚೆಗೆ ಐದು ನಿಮಿಷ ತಡ’ ಅನ್ನುತ್ತೇವೆ. ಐದು ಹತ್ತು ನಿಮಿಷಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಮಾತ್ರ ಅಕ್ಕಪಕ್ಕದವರು ದನಿ ತಗ್ಗಿಸಿ ಮಾತಾಡಲು ಶುರುಮಾಡುತ್ತಾರೆ.

ನಮ್ಮ ಆಸ್ಪತ್ರೆಯಲ್ಲಿ ನಾಲ್ಕು ಕೋಣೆಗಳಿವೆ. ಡಾಕ್ಟರು ನಫೀಸಾ ಮೇಡಂ ತುಟಿ ನೋಡಿಯೇ ಮಾತು ಅರ್ಥ ಮಾಡಿಕೊಳ್ಳುವುದನ್ನು ಕಲಿತವರು. ಬಂದವರು ಹೇಳಿಕೊಂಡು ಹೋಗುತ್ತಾರೆ, ಅವರ ಮಾತು ಕೋಣೆಯಲ್ಲಿ ಬರುವುದು ಬಾಕಿ ಇರುತ್ತದೆ. ಅಷ್ಟು ಹೊತ್ತೂ ನಾನು ಕೋಣೆಗೆ ಬೀಗ ಹಾಕಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಲ್ಕೂ ಹತ್ತರವರೆಗೆ’ ಅಂತಲೋ ಏನೋ ಬರೆದಿಡುತ್ತೇನೆ. ಅಲ್ಲಿಯತನಕ ಒಳಗೆ ಯಾರೂ ಹೋಗುವಂತಿಲ್ಲ. ಗೋಡೆಗೆ ಕೌದಿ ಹೊಡೆದಿದ್ದರೂ ಒಮ್ಮೊಮ್ಮೆ ದನಿ ಹೊರಗೆ ಸೋರುತ್ತದೆ. ಆಗ ನಾನು ರೇಡಿಯೋ ಜೋರು ಮಾಡುತ್ತೇನೆ.

ಆದರೆ ಹದಿನೆಂಟು ತುಂಬದವರಿಗೆ ಬೇರೆ ನಿಯಮವಿತ್ತು. ಪುಸ್ತಕದಲ್ಲಿ ತಂದೆಯೋ ತಾಯಿಯೋ ಸಹಿ ಹಾಕಬೇಕು. ಸಹಿ ಹಾಕಿದವರಿಗೆ ಕೋಣೆಯಲ್ಲಿ ಕೂತು ಮಗು ಆಡಿದ ಮಾತನ್ನು ಕೇಳುವ ಹಕ್ಕಿತ್ತು. ಹಾಗಾಗಿ ಆ ವಯಸ್ಸಿನವರು ನಮ್ಮ ಕಡೆ ಬರುತ್ತಿದ್ದದ್ದೇ ಅಪರೂಪ. ಬಂದರೂ ಕೋಣೆಯಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳಿ ಹೋಗುತ್ತಿದ್ದರು. ನಿಯಮ ಮಾಡಿದವರು ನಾನಲ್ಲ, ನಾನು ಬರೀ ಪುಸ್ತಕ ತಿರುಗಿಸಿ ಸಹಿ ಎಲ್ಲಿ ಅಂತ ಬೆರಳಿಟ್ಟು ತೋರಿಸುವವಳು ಅಂತ ಸಮಾಧಾನ ಮಾಡಿಕೊಂಡಿದ್ದೆ.

ನೀಲವೇಣಿ ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಸ್ಕೂಲಿನ ಯೂನಿಫಾರಂ, ಎರಡು ಜಡೆ, ಬೆನ್ನಿಗೆ ಬ್ಯಾಗು. ಒಬ್ಬಳೇ ಬಂದಿದ್ದಳು. ಕಿಟಕಿಯ ಮುಂದೆ ನಿಂತು ನೋಟ್‌ಬುಕ್ಕಿನ ಹಾಳೆಯೊಂದನ್ನು ಒಳಗೆ ತಳ್ಳಿದಳು. ‘ನನ್ನ ಹೆಸರು ನೀಲವೇಣಿ. ಹತ್ತನೇ ಕ್ಲಾಸು. ನನಗೆ ನಲವತ್ತು ನಿಮಿಷ ತಡ. ಡಾಕ್ಟರನ್ನು ನೋಡಬೇಕು’ ಅಂತ ದುಂಡಗೆ ಬರೆದಿತ್ತು.

“ಅಪ್ಪ ಅಮ್ಮ ಎಲ್ಲಮ್ಮ?” ಅಂದೆ.

ಅವಳ ತುಟಿ ಆಡಿತು. ನನಗೆ ತುಟಿ ಓದಲು ಬರುವುದಿಲ್ಲ. ಅವಳು ಹೇಳುತ್ತಿರುವಾಗಲೇ ನಾನು ನನ್ನ ಪಾಠ ಒಪ್ಪಿಸಿಬಿಟ್ಟೆ. “ನೋಡು ಪುಟ್ಟಿ, ಹದಿನೆಂಟಾಗದೆ ಒಬ್ಬಳನ್ನೇ ಒಳಗೆ ಬಿಡೋ ಹಾಗಿಲ್ಲ. ಮನೆಯವರನ್ನ ಕರ್ಕೊಂಡು ಬಾ. ಸಹಿ ಹಾಕಿದ್ರೆ ಐದು ನಿಮಿಷದ ಕೆಲಸ. ಇಲ್ಲಿ ಯಾರೂ ನಿನ್ನನ್ನ ತಿನ್ನಲ್ಲ.” ಇನ್ನೂ ಏನೇನೋ ಹೇಳಿದೆ. ಅವಳು ಮಾತು ನಿಲ್ಲಿಸಿ, ಹಾಳೆಯನ್ನು ವಾಪಸ್ಸು ತೆಗೆದುಕೊಂಡು, ನಾಲ್ಕಾಗಿ ಮಡಚಿ ಜೇಬಿಗಿಟ್ಟು ಹೋದಳು.

ನಲವತ್ತು ನಿಮಿಷದ ನಂತರ ನಾನು ಚೀಟಿಗಳನ್ನು ಜೋಡಿಸುತ್ತಿದ್ದೆ. ಕಿಟಕಿಯಾಚೆ ಯಾರೂ ಇರಲಿಲ್ಲ. ಅಲ್ಲಿ ಒಂದು ಸಣ್ಣ ದನಿ ಶುರುವಾಯಿತು.

“ಅಮ್ಮ ಇಲ್ಲ ಆಂಟಿ. ಅಪ್ಪನಿಗೆ ಹೇಳೋಕೆ ಭಯ. ಏನೂ ಆಗಿಲ್ಲ ನಂಗೆ, ಯಾರೂ ಏನೂ ಮಾಡಿಲ್ಲ. ಅದೇ ಕಷ್ಟ, ಹೇಳೋಕೆ ಒಂದು ಕಾರಣಾನೂ ಇಲ್ಲ. ಬೆಳಿಗ್ಗೆ ಏಳೋಕೇ ಆಗಲ್ಲ. ತಲೆ ಬಾಚ್ಕೊಳ್ಳೋಕೂ ಕೈ ಎತ್ತಬೇಕಲ್ಲ ಅನ್ಸುತ್ತೆ. ಹೋದ ತಿಂಗಳು ಹದಿನೈದು ನಿಮಿಷ ಇತ್ತು, ಈಗ ನಲವತ್ತು. ಬೇಗ ಬಂದರೆ ಬೇಗ ಗುಣ ಅಂತ ನಿಮ್ಮ ಗೋಡೆ ಮೇಲೇ ಬರ್ದಿದೀರಲ್ಲ. ಬೇಗ ಬಂದಿದೀನಿ. ದಯವಿಟ್ಟು ಬಿಡಿ ಒಳಗೆ.”

ನಾನು ಕೈಯಲ್ಲಿದ್ದ ಚೀಟಿಗಳನ್ನು ಹಾಗೇ ಹಿಡಿದುಕೊಂಡು ಕೂತುಬಿಟ್ಟೆ. ಆ ಗೋಡೆಬರಹವನ್ನು ಹಬ್ಬಕ್ಕೊಮ್ಮೆ ತೊಳೆದು ಬಣ್ಣ ತುಂಬುವವಳು ನಾನೇ.

ಸಂಜೆ ಮೇಡಂಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನಿಯಮ ಮುರಿದು ನೋಡಿದ್ರೆ ನಾಳೆ ನನ್ನನ್ನೇ ಮನೆಗೆ ಕಳಿಸ್ತಾರೆ ದಾಕ್ಷಾಯಣಮ್ಮ. ಆಮೇಲೆ ಇರೋ ರೋಗಿಗಳ ಗತಿ? ಅವಳು ಮತ್ತೆ ಬಂದರೆ ನನಗೆ ಹೇಳಿ” ಅಂದರು.

ಹತ್ತು ದಿನ ಬಿಟ್ಟು ಮತ್ತೆ ಬಂದಳು. ಈ ಸಲ ಹಾಳೆಯ ಮೇಲೆ ‘ಒಂದು ಗಂಟೆ ಹತ್ತು ನಿಮಿಷ’ ಅಂತಿತ್ತು. ಒಂದೇ ಜಡೆ, ಅದೂ ಓರೆಯಾಗಿತ್ತು. ನಾನು ಹೊರಗೆ ಬಂದು ಅವಳನ್ನು ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿ ಯಾರ ಮಗಳು ಅಂತ ಕೇಳಿದೆ. ಬರೆದು ತೋರಿಸಿದಳು: ‘ಮೈಕ್ ಪಂಪಣ್ಣ.’

ನನಗೆ ನಗು ಬರುವುದೊಂದು ಬಾಕಿ. ಪಂಪಣ್ಣನನ್ನು ಅರಿಯದವರು ಊರಲ್ಲಿಲ್ಲ. ಆಟೋದ ಮೇಲೆ ಎರಡು ಮೈಕು ಕಟ್ಟಿಕೊಂಡು, ನಾಳೆ ನಲ್ಲಿ ನೀರು ಬರುವುದಿಲ್ಲ ಅಂತಲೂ, ಕಂದು ಬಣ್ಣದ ಎಮ್ಮೆ ಕಳೆದಿದೆ ಅಂತಲೂ, ಕಣ್ಣಿನ ಶಿಬಿರವಿದೆ ಅಂತಲೂ ಊರೆಲ್ಲ ಸಾರುವವನು. ಅವನ ಗಂಟಲಿಗೆ ಒಂದು ದಿನವೂ ಒಂದು ಕ್ಷಣವೂ ತಡವಾದದ್ದಿಲ್ಲ. ಅಂಥವನ ಮಗಳು ಹೀಗೆ ಅಂದರೆ ಮನೆಯಲ್ಲಿ ಹೇಳಲು ಯಾಕೆ ಹೆದರುತ್ತಾಳೆ ಅಂತ ತಿಳಿಯಿತು.

“ನಾನು ಬಂದು ನಿಮ್ಮಪ್ಪನ ಹತ್ರ ಮಾತಾಡ್ಲಾ? ನೀನು ಬೇಡ ಅಂದ್ರೆ ಬರಲ್ಲ” ಅಂದೆ.

ಅವಳು ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಬರೆದಳು: ‘ಬನ್ನಿ. ಆದರೆ ನಾನು ಇರುವಾಗಲೇ ಮಾತಾಡಬೇಕು.’

ಭಾನುವಾರ ಸಂಜೆ ನಾಲ್ಕಕ್ಕೆ ಹೋದೆ. ಚಿಕ್ಕ ಮನೆ, ಅಂಗಳದಲ್ಲಿ ಆಟೋ. ಪಂಪಣ್ಣ ಮೈಕಿನ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಒಳಗೆ ಅವನ ಅಕ್ಕ ಭಾಗೀರಥಿ ಇದ್ದಳು. ಆಕೆಗೆ ಒಂದು ದಿನ ತಡ. ಇವತ್ತು ನಾಲ್ಕು ಗಂಟೆಗೆ ಆಡಿದ್ದು ನಾಳೆ ನಾಲ್ಕು ಗಂಟೆಗೆ ಸರಿಯಾಗಿ ಕೇಳಿಸುತ್ತದೆ. ನೀಲವೇಣಿ ಎರಡನೇ ಕ್ಲಾಸಿನಲ್ಲಿದ್ದಾಗ ತಾಯಿ ತೀರಿಕೊಂಡಿದ್ದಳು. ಆವತ್ತಿನಿಂದ ಸಾಕಿದ್ದು ಈ ಅತ್ತೆಯೇ. ಬೆಳಿಗ್ಗೆ ಆರೂವರೆಗೆ ಸರಿಯಾಗಿ ‘ಏಳೇ, ಸ್ಕೂಲಿಗೆ ಹೊತ್ತಾಯ್ತು’ ಅನ್ನುವ ದನಿ ಕೇಳಿಸಬೇಕೆಂದು ಹಿಂದಿನ ದಿನ ಆರೂವರೆಗೇ ಮಂಚದ ಪಕ್ಕ ನಿಂತು ಹೇಳಿಡುವಳು. ಶನಿವಾರ ಮರೆತು ಹೇಳಿಬಿಟ್ಟರೆ ಭಾನುವಾರ ಮನೆಯವರೆಲ್ಲ ಎದ್ದು ಕೂರಬೇಕು. ಅಡುಗೆಮನೆಯಲ್ಲಿ ‘ಸಾರಿಗೆ ಉಪ್ಪು ಹಾಕಿದೆ, ಮತ್ತೆ ಹಾಕಬೇಡ’ ಅಂತ ನಿನ್ನೆಯ ಮಾತು ಕೇಳಿ ಇವತ್ತಿನ ಸಾರಿಗೆ ಉಪ್ಪು ಹಾಕದೆ ಎಷ್ಟೋ ಸಲ ಸಪ್ಪೆ ಉಂಡದ್ದಿದೆ ಅಂತ ಆಮೇಲೊಮ್ಮೆ ಪಂಪಣ್ಣನೇ ಹೇಳಿ ನಕ್ಕಿದ್ದ.

ಆದರೆ ಆವತ್ತು ನಗಲಿಲ್ಲ. ನಾನು ವಿಷಯ ಹೇಳಿದೆ. ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟ.

“ಮಗಳಿಗೆ ತಡ ಇದೆ ಅಂತ ನಂಗೇನು ಗೊತ್ತಿಲ್ವಾ ಅಕ್ಕ? ಒಂದೇ ಮನೇಲಿ ಇರೋವ್ರು. ದಿನಾ ಅವಳು ಹೋದ ಮೇಲೆ ಬಾಗಿಲಲ್ಲಿ ‘ಹೋಗ್ಬರ್ತೀನಪ್ಪ’ ಅನ್ನೋದನ್ನ ನಿಂತು ಕೇಳಿಸ್ಕೊಂಡೇ ನಾನು ಆಟೋ ಹತ್ತೋದು. ಆದ್ರೆ ಸಹಿ ಮಾತ್ರ ಹಾಕಲ್ಲ.”

“ಜನ ಏನಂತಾರೆ ಅಂತಲಾ?”

“ಜನ ನಾನು ಹೇಳಿದ್ದನ್ನ ಕೇಳೋರು, ನಾನು ಅವರು ಹೇಳಿದ್ದನ್ನ ಕೇಳೋನಲ್ಲ.” ಅವನು ಒಳಗೆ ಅಕ್ಕನ ಕಡೆ ನೋಡಿದ. “ಇವಳನ್ನ ನೋಡಿ. ಇವಳಿಗೆ ಹದಿನಾರು, ನನಗೆ ಹನ್ನೊಂದು. ಆಗ ಇವಳಿಗೆ ಇದ್ದದ್ದು ಬರೀ ಇಪ್ಪತ್ತು ನಿಮಿಷ. ನಮ್ಮಪ್ಪ ಕರ್ಕೊಂಡು ಹೋಗಿ ಸಹಿ ಹಾಕಿದ. ಎರಡು ವರ್ಷ ಅಲ್ಲಿಗೆ ಹೋಗಿ ಬಂದಳು. ಇಪ್ಪತ್ತು ನಿಮಿಷ ಅರ್ಧ ದಿನ ಆಯ್ತು, ಅರ್ಧ ದಿನ ಒಂದು ದಿನ ಆಯ್ತು. ಸಹಿ ಹಾಕುವಾಗ ನಮ್ಮಪ್ಪನ ಕೈ ನೋಡಿದ್ದೀನಿ ನಾನು. ನನ್ನ ಕೈಯಿಂದ ಆ ಸಹಿ ಬೀಳಲ್ಲ. ನೀವು ಬೈದ್ರೂ ಸರಿ.”

ಮಾನ ಮರ್ಯಾದೆ ಅಂತ ಕೂಗಾಡಿದ್ದರೆ ಉತ್ತರ ಕೊಡಬಹುದಿತ್ತು. ಅವನ ಗಂಟಲು ಮೊದಲನೇ ಸಲ ಸಣ್ಣಗಾಗಿತ್ತು. ಆಗಲೇ ನೋಡಿದೆ, ಗೋಡೆಗೊರಗಿ ಕೂತಿದ್ದ ನೀಲವೇಣಿಯ ತುಟಿ ಆಡುತ್ತಿತ್ತು. ಸಲೀಸಾಗಿ, ಒಂದೇ ಸಮ, ಅಪ್ಪನ ಮುಖವನ್ನೇ ನೋಡುತ್ತಾ. ಆಮೇಲೆ ಸುಮ್ಮನಾದಳು.

“ಅವಳು ಏನೋ ಹೇಳಿದ್ದಾಳೆ. ಬರೋವರೆಗೂ ಇರಿ” ಅಂದ ಪಂಪಣ್ಣ. ನಮ್ಮೂರ ಮರ್ಯಾದೆ ಅದು. ಒಬ್ಬರು ಆಡಿದ ಮಾತು ಬರದೆ ಎದ್ದು ಹೋಗುವುದು ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಭಾಗೀರಥಿ ಒಂದು ಮೊರದ ತುಂಬ ಕಡಲೆಕಾಯಿ ತಂದು ನಡುವೆ ಇಟ್ಟಳು. ನಾವು ನಾಲ್ಕೂ ಜನ ಸುತ್ತ ಕೂತು ಸುಲಿದೆವು. ಒಂದು ಗಂಟೆ ಹತ್ತು ನಿಮಿಷ. ಬಿಸಿಲು ಅಂಗಳದಿಂದ ಕಾಂಪೌಂಡಿನ ಮೇಲೆ ಹತ್ತಿತು. ಚಹಾ ಎರಡು ಸಲ ಆಯಿತು. ಸಿಪ್ಪೆಯ ರಾಶಿ ಬೆಳೆಯಿತು. ಆಮೇಲೆ ಗೋಡೆಯ ಹತ್ತಿರದಿಂದ ದನಿ ಬಂತು.

“ಅಪ್ಪ, ತಾತ ಸಹಿ ಹಾಕಿದ್ದು ತಪ್ಪು ಅಂತೀಯ. ಸಹಿ ಹಾಕೋ ಮೊದಲು ತಾತ ಅತ್ತೇನ ಕೇಳಿದ್ರಾ? ಇಲ್ವಲ್ಲ. ಈಗ ಸಹಿ ಹಾಕಲ್ಲ ಅಂತಿದ್ದೀಯ. ನನ್ನನ್ನ ಕೇಳಿದ್ಯಾ? ಹಾಕಿದ್ರೂ ನೀವೇ, ಹಾಕದಿದ್ರೂ ನೀವೇ. ಹೊಟ್ಟೆ ನೋವಾಗಿದ್ರೆ ಎಲ್ಲಿ ನೋವು ಅಂತ ನನ್ನನ್ನೇ ಕೇಳ್ತಿದ್ದೆ ತಾನೇ? ಇದೂ ಹಾಗೇ. ಸಹಿ ನಂದೇ ಆಗ್ಲಿ ಅಪ್ಪ. ನಂಗೆ ಹೋಗಬೇಕು ಅನ್ಸಿದೆ. ನಂಗೆ ಈಚೆಗೆ ಬೇರೆ ಏನೂ ಬೇಕು ಅನ್ಸಿಲ್ಲ. ಇದೊಂದೇ ಅನ್ಸಿರೋದು.”

ಪಂಪಣ್ಣ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಆದರೆ ಬೀಜ ಸಿಪ್ಪೆಯ ಕಡೆಗೂ ಸಿಪ್ಪೆ ಬೀಜದ ಕಡೆಗೂ ಹೋಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, “ಆ ನಿಯಮ ಮಾಡಿದವರು ಯಾರು?” ಅಂತ ಕೇಳಿದ.

“ಪುರಸಭೆ” ಅಂದೆ.

“ನಂಗೆ ಕೆಲಸ ಕೊಡೋರು ಅವರೇ” ಅಂದ. ಎದ್ದು ಅಂಗಿ ಹಾಕಿಕೊಂಡ, ಭಾನುವಾರ ಅನ್ನುವುದು ನೆನಪಾಗಿ ಮತ್ತೆ ಬಿಚ್ಚಿ ಗೂಟಕ್ಕೆ ಹಾಕಿದ.

ಮರುದಿನವೇ ಅರ್ಜಿ ಕೊಟ್ಟ. ಪುರಸಭೆಯ ಅಧ್ಯಕ್ಷರು ಜಯಶೀಲಪ್ಪನವರು, ತಾಳ್ಮೆಯ ಮನುಷ್ಯ, ಆದರೆ ಯಾವುದನ್ನೂ ಬದಲಾಯಿಸಿ ಗೊತ್ತಿಲ್ಲದವರು. ಅರ್ಜಿ ಓದಿ, ಮೂರನೇ ವಾರದ ಬುಧವಾರ ಹನ್ನೊಂದಕ್ಕೆ ಸಭೆ ಅಂದರು. ಅದನ್ನು ಪಂಪಣ್ಣನೇ ಆಟೋದಲ್ಲಿ ಊರೆಲ್ಲ ಸಾರಿದ. ‘ಮಕ್ಕಳ ಮನಸ್ಸಿನ ಚಿಕಿತ್ಸೆಗೆ ಯಾರ ಸಹಿ ಬೇಕು ಎಂಬ ವಿಷಯವಾಗಿ’ ಅನ್ನುವಾಗ ಅವನ ದನಿ ಎಂದಿಗಿಂತ ಒಂದು ಸ್ವಲ್ಪ ಮೇಲಿತ್ತು.

ಸಭೆಯ ಹಿಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಭಾಗೀರಥಿ ನಮ್ಮ ಮನೆ ಬಾಗಿಲಿಗೆ ಬಂದಳು. ಹೊಸ್ತಿಲ ಮುಂದೆ ನಿಂತು ಏನೋ ಹೇಳಿ, ತಲೆಯಾಡಿಸಿ ಹೊರಟುಹೋದಳು. ನಾನು ಸೋಮವಾರ ಏಳಕ್ಕೆ ಬಾಗಿಲು ತೆಗೆದು ಅದೇ ಜಾಗದಲ್ಲಿ ಕಾದು ನಿಂತೆ.

“ದಾಕ್ಷಾಯಣಿ, ಬುಧವಾರ ಹನ್ನೊಂದಕ್ಕೆ ಸಭೆಯಂತೆ. ಹಾಗಾದ್ರೆ ನಾನು ಮಂಗಳವಾರ ಹನ್ನೊಂದಕ್ಕೆ ಅಲ್ಲಿ ಮಾತಾಡಬೇಕು. ಸಭಾಂಗಣದ ಬಾಗಿಲು ತೆಗೆಸಿಕೊಡು. ಬರ್ದುಕೊಟ್ರೆ ಸಾಕಲ್ಲ ಅಂತ ಕೇಳಬೇಡ. ಬರ್ದಿದ್ದನ್ನ ಮಡಚಿ ಪಕ್ಕಕ್ಕಿಡ್ತಾರೆ. ತಮ್ಮನಿಗೆ ಹೇಳಬೇಡ.”

ಅಲ್ಲಿನ ಜವಾನ ನನಗೆ ಪರಿಚಯದವನು, ಬಾಗಿಲು ತೆಗೆದುಕೊಟ್ಟ. ಮಂಗಳವಾರ ಆಕೆ ಇಸ್ತ್ರಿ ಮಾಡಿದ ಕಂದು ಸೀರೆಯುಟ್ಟು ಬಂದಿದ್ದಳು. ಖಾಲಿ ಕುರ್ಚಿಗಳ ಮುಂದೆ ನಿಂತು ಗಡಿಯಾರ ನೋಡಿದಳು. ಹನ್ನೊಂದಾದರೂ ಶುರುಮಾಡಲಿಲ್ಲ. ಮೊದಲು ನಾಳೆ ಬರುವವರು ಜಗಳವಾಡಲಿ ಅನ್ನುವ ಹಾಗೆ ಕೈಸನ್ನೆ ಮಾಡಿದಳು. ಹನ್ನೊಂದೂ ಇಪ್ಪತ್ತಕ್ಕೆ ತುಟಿ ತೆರೆದಳು. ನಾನು ಹೊರಗೆ ಬಂದುಬಿಟ್ಟೆ. ಅದು ಬುಧವಾರದವರಿಗೆ ಆಡಿದ ಮಾತು.

ಬುಧವಾರ ಸಭಾಂಗಣ ತುಂಬಿತ್ತು. ನಫೀಸಾ ಮೇಡಂ ಮೊದಲು ಎದ್ದು, ಈ ವಯಸ್ಸಿನವರು ಬೇಗ ಬಂದರೆ ಬೇಗ ಸುಧಾರಿಸುತ್ತಾರೆ, ಮನೆಯವರು ಕೇಳಿಸಿಕೊಳ್ಳುತ್ತಾರೆ ಅನ್ನುವ ಭಯಕ್ಕೇ ಅವರು ಬರುವುದಿಲ್ಲ, ಜೀವಕ್ಕೆ ಅಪಾಯವಿದೆ ಅನಿಸಿದರೆ ಖಂಡಿತ ಮನೆಗೆ ತಿಳಿಸುತ್ತೇನೆ, ಮಿಕ್ಕಿದ್ದು ಮಗುವಿನದಾಗಿರಲಿ ಅಂತ ಹೇಳಿದರು. ಹಿಂದಿನ ಸಾಲಿನಿಂದ ಒಬ್ಬರು, “ಹೆತ್ತವರಿಗಿಂತ ಡಾಕ್ಟರು ಹೆಚ್ಚಾದ್ರಾ?” ಅಂದರು. ಇನ್ನೊಬ್ಬರು, “ಇವತ್ತು ಇದಕ್ಕೆ ಸಹಿ ಅಂತಾರೆ, ನಾಳೆ ಮದುವೆಗೂ ನಮ್ಮ ಸಹಿ ನಾವೇ ಹಾಕ್ತೀವಿ ಅಂತಾರೆ” ಅಂದರು. ಜಯಶೀಲಪ್ಪನವರು ತಲೆ ಕೆರೆದುಕೊಂಡು, “ಹದಿನೈದು ವರ್ಷದವಕ್ಕೆ ಏನು ತಿಳಿಯುತ್ತೆ ಹೇಳಿ” ಅಂದರು.

ಪಂಪಣ್ಣ ಎದ್ದು ನಿಂತ. ಎಲ್ಲರೂ ಅವನ ದನಿಗೆ ಕಿವಿ ಸಜ್ಜು ಮಾಡಿಕೊಂಡರು. ಅವನು “ಮಾನ್ಯರೇ” ಅಂದ, ನಿಂತ. ಮತ್ತೆ “ಮಾನ್ಯರೇ” ಅಂದ. ಬೇರೆಯವರು ಬರೆದುಕೊಟ್ಟದ್ದನ್ನು ಇಪ್ಪತ್ತು ವರ್ಷ ಊರಿಗೆಲ್ಲ ಕೂಗಿ ಹೇಳಿದವನಿಗೆ ತನ್ನದೊಂದು ಮಾತು ಹೇಗೆ ಶುರುಮಾಡಬೇಕು ಅಂತ ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ನೀಲವೇಣಿ ಅವನ ಕೈ ಹಿಡಿದಳು. ಆಗ ಮುಂದಿನ ಖಾಲಿ ಜಾಗದಿಂದ ದನಿ ಎದ್ದಿತು.

“ಎಲ್ಲರಿಗೂ ನಮಸ್ಕಾರ. ನಾನು ಭಾಗೀರಥಿ, ಮೈಕ್ ಪಂಪಣ್ಣನ ಅಕ್ಕ. ಇದು ನನ್ನ ನಿನ್ನೆಯ ಮಾತು. ನನ್ನ ಮುಂದೆ ಈಗ ಬರೀ ಕುರ್ಚಿಗಳಿವೆ, ಅದಕ್ಕೇ ಇಷ್ಟು ಧೈರ್ಯ. ಇಷ್ಟು ಹೊತ್ತಿಗೆ ನಿಮ್ಮಲ್ಲಿ ಯಾರೋ ಹದಿನೈದು ವರ್ಷದವಕ್ಕೆ ಏನು ತಿಳಿಯುತ್ತೆ ಅಂತ ಕೇಳಿರ್ತೀರಿ.”

ಸಭೆಯಲ್ಲಿ ನಗು ಹರಿಯಿತು. ಅಧ್ಯಕ್ಷರು ಕೆಂಪಗಾದರು. ದನಿ ಮುಂದುವರಿಯಿತು.

“ನನಗೆ ಹದಿನಾರಾಗಿತ್ತು. ಹೆಚ್ಚೇನೂ ತಿಳೀತಿರಲಿಲ್ಲ, ಒಪ್ಪಿದೆ. ಆದ್ರೆ ಒಂದು ವಿಷಯ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ನನ್ನ ತಮ್ಮನಿಗೂ ಗೊತ್ತಿಲ್ಲ. ನನಗೆ ಆ ಆಸ್ಪತ್ರೆಗೆ ಹೋಗಬೇಕು ಅಂತ ಇತ್ತು. ಯಾರಾದ್ರೂ ಕೇಳಿದ್ರೆ ಹೂಂ ಅಂತಿದ್ದೆ. ಯಾರೂ ಕೇಳಲಿಲ್ಲ. ಅಪ್ಪ ಸಹಿ ಹಾಕಿದ. ಮಗಳಿಗೆ ಏನಾಗಿದೆಯೋ ತಿಳಿಯಲಿ ಅಂತ ಕೋಣೆಯಲ್ಲಿ ಕೂತ. ಅಪ್ಪ ಕೆಟ್ಟವನಲ್ಲ. ಎರಡನೇ ವಾರ ಜೊತೆಗೆ ಚಿಕ್ಕಪ್ಪನ್ನ ಕರ್ಕೊಂಡು ಬಂದ. ಮೂರನೇ ವಾರ ದೊಡ್ಡಮ್ಮನೂ ಬಂದಳು. ನಾನು ಡಾಕ್ಟರ ಹತ್ರ ಹೇಳಿಕೊಂಡದ್ದನ್ನ ಅವತ್ತು ಊಟಕ್ಕೆ ಕೂತಾಗ ಮನೆಯವರೆಲ್ಲ ಮಾತಾಡಿದ್ರು. ಆಮೇಲೆ ನಾನು ಆ ಕೋಣೆಯಲ್ಲಿ ಮಳೆ ಬಿಸಿಲಿನ ವಿಷಯ ಮಾತ್ರ ಮಾತಾಡಿದೆ. ಎರಡು ವರ್ಷ, ಇವತ್ತು ಬಿಸಿಲು ಜಾಸ್ತಿ, ಇವತ್ತು ಮೋಡ ಅಂತ ಹೇಳಿ ಮನೆಗೆ ಬಂದೆ.”

ಪಂಪಣ್ಣ ನಿಂತೇ ಇದ್ದ. ಖಾಲಿ ಜಾಗವನ್ನು ಅಲ್ಲಿ ಯಾರೋ ನಿಂತಿದ್ದಾರೆ ಅನ್ನುವ ಹಾಗೆ ನೋಡುತ್ತಿದ್ದ.

“ನಂಗೆ ಬೇಕಿದ್ದದ್ದು ಎರಡೇ. ಸಹಿ ಮಗುವಿನದಾಗಲಿ. ಆಡಿದ ಮಾತು ಆಡಿದವರದಾಗಲಿ, ಯಾರಿಗೆ ಕೇಳಿಸಬೇಕು ಅಂತ ಅವರೇ ಹೇಳಲಿ. ಅಧ್ಯಕ್ಷರೇ, ಗಂಟೆ ಬಾರಿಸಬೇಡಿ, ಮುಗೀತು.”

ಜಯಶೀಲಪ್ಪನವರ ಕೈ ಗಂಟೆಯ ಹತ್ತಿರವೇನೂ ಇರಲಿಲ್ಲ. ಆದರೂ ಪಾಪ, ಮೇಜಿನ ಕೆಳಗೆ ಎಳೆದುಕೊಂಡರು.

ಭಾಗೀರಥಿ ಕೊನೆಯ ಸಾಲಿನಲ್ಲಿ ಕೂತು ಸೆರಗಿನ ತುದಿ ಸರಿಮಾಡಿಕೊಳ್ಳುತ್ತಿದ್ದಳು. ಪಂಪಣ್ಣ ಎಲ್ಲರ ನಡುವೆ ದಾರಿ ಮಾಡಿಕೊಂಡು ಹೋಗಿ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತ. “ನಂಗಾದ್ರೂ ಹೇಳಬಾರದಿತ್ತಾ?” ಅಂದ. ಆಕೆ ಏನೋ ಹೇಳಿದಳು. ಮರುದಿನ ಅವನು ಕೆಲಸ ಬಿಟ್ಟು ಆ ಕುರ್ಚಿಯಲ್ಲಿ ಕೂತು ಅದನ್ನು ಕೇಳಿಸಿಕೊಂಡು ಬಂದನಂತೆ. ಏನಂದಳು ಅಂತ ನಾನು ವಿಚಾರಿಸಲಿಲ್ಲ.

ತೀರ್ಮಾನ ಪೂರ್ತಿ ನಮ್ಮ ಕಡೆಗೇನೂ ಬರಲಿಲ್ಲ. ಹದಿನಾಲ್ಕು ದಾಟಿದವರು ತಮ್ಮ ಸಹಿಯಲ್ಲೇ ಬರಬಹುದು, ಮಾತಿನ ಬೀಗ ಅವರದೇ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಮನೆಗೆ ಹೇಳಬೇಕು, ಇದು ಸದ್ಯಕ್ಕೆ ಒಂದು ವರ್ಷದ ಮಟ್ಟಿಗೆ ಅಂತ ಆಯಿತು. ಮಾತ್ರೆ ಕೊಡಬೇಕಾದರೆ ಮನೆಯವರ ಒಪ್ಪಿಗೆ ಬೇಕೇ ಬೇಕು ಅಂತ ಒಂದು ಬಾಲ ಸೇರಿಸಿದರು. ಮೇಡಂ, “ಇರಲಿ, ಮೊದಲು ಬಾಗಿಲು ತೆಗೀಲಿ” ಅಂದರು.

ಮಾರನೇ ದಿನ ಶಾಲೆ ಬಿಟ್ಟ ಮೇಲೆ ನೀಲವೇಣಿ ಕಿಟಕಿಗೆ ಬಂದಳು. ನಾನು ಪುಸ್ತಕ ತಿರುಗಿಸಿ, ರೋಗಿ ಅನ್ನುವ ಸಾಲಿನ ಪಕ್ಕದಲ್ಲೇ ಬೆರಳಿಟ್ಟು ತೋರಿಸಿದೆ. ಅವಳು ಪೆನ್ನಿನ ಮುಚ್ಚಳ ತೆಗೆದು ಅಂಗೈ ಮೇಲೆ ಒಮ್ಮೆ ಗೀಚಿ ನೋಡಿ, ಆಮೇಲೆ ನಿಧಾನವಾಗಿ ಬರೆದಳು. ಅದು ಸಹಿಯ ಹಾಗಿರಲಿಲ್ಲ; ಪೂರ್ತಿ ಹೆಸರು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಕೆಳಗೆ ಒಂದು ಗೆರೆ. ಮೂರನೇ ಕೋಣೆ ಅಂತ ಹೇಳಿ ಒಳಗೆ ಕಳಿಸಿದೆ.

ಗುಣವಾಗುವುದು ಮೆಟ್ಟಿಲು ಇಳಿದ ಹಾಗಲ್ಲ. ಎಪ್ಪತ್ತು ನಿಮಿಷ ಅರವತ್ತಾಯಿತು, ಐವತ್ತಾಯಿತು, ಪರೀಕ್ಷೆ ಹತ್ತಿರ ಬಂದಾಗ ಎಂಬತ್ತಕ್ಕೆ ಹೋಯಿತು. ಆ ವಾರ ಪಂಪಣ್ಣ ಮೂರು ಗಂಟೆಗೇ ಬಂದು ಗೇಟಿನ ಹತ್ತಿರ ನಿಂತಿದ್ದ. ಮಗಳು ಮೇಡಂ ಜೊತೆ ಮಾತು ಮುಗಿಸಿ ಟ್ಯೂಷನ್ನಿಗೆ ಹೋದಳು. ನಾನು ಬೀಗ ಹಾಕಿ ಬಾಗಿಲ ಮೇಲೆ ಹೊತ್ತು ಬರೆದೆ. ಅವನು ಮೆಲ್ಲಗೆ ನನ್ನ ಕಿಟಕಿಗೆ ಬಂದ.

“ಅಕ್ಕ, ಬಾಗಿಲು ತೆಗೀರಿ ಅನ್ನಲ್ಲ. ಏನಂದ್ಲು ಅಂತಾನೂ ಕೇಳಲ್ಲ. ಅತ್ತಳಾ ಅಂತ ಅಷ್ಟು ಮಾತ್ರ ಹೇಳಿ.”

“ನಾನು ರೇಡಿಯೋ ಕೇಳ್ತಿದ್ದೆ ಪಂಪಣ್ಣ.”

“ನಾನು ಅವಳ ಅಪ್ಪ!”

“ಗೊತ್ತು.”

“ಈ ನಿಯಮ ಬದಲಾಯಿಸೋಕೆ ಅರ್ಜಿ ಕೊಟ್ಟೋನೂ ನಾನೇ!” ಅವನ ದನಿ ಆಸ್ಪತ್ರೆಯ ತುದಿಯವರೆಗೂ ಹೋಯಿತು.

“ಹಾಗಾದ್ರೆ ನಿಮಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕು” ಅಂದೆ.

ಅವನು ಉಸಿರು ಬಿಗಿಹಿಡಿದು ನಿಂತ. ಬೈದುಬಿಡುತ್ತಾನೆ ಅಂದುಕೊಂಡೆ. ನನಗೂ ಮಕ್ಕಳಿದ್ದಾರೆ, ಅವನ ಜಾಗದಲ್ಲಿ ನಾನಿದ್ದಿದ್ದರೆ ಬಾಗಿಲಿಗೆ ಕಿವಿ ಕೊಡುತ್ತಿರಲಿಲ್ಲ ಅಂತ ಎದೆ ಮುಟ್ಟಿ ಹೇಳಲಾರೆ. ಕೊನೆಗೆ ಅವನು, “ಆ ರೇಡಿಯೋ ಇನ್ನೂ ಸ್ವಲ್ಪ ಜೋರು ಮಾಡಿ” ಅಂತ ಹೇಳಿ ಬೇವಿನ ಕಟ್ಟೆಗೆ ಹೋಗಿ ಕೂತ. ಕೋಣೆಯ ಹೊತ್ತು ಮುಗಿಯುವವರೆಗೂ ಅಲ್ಲೇ ಇದ್ದ, ಬೆನ್ನು ನಮ್ಮ ಕಡೆ ಮಾಡಿಕೊಂಡು.

ಪರೀಕ್ಷೆ ಮುಗಿದ ಮೇಲೆ ಒಂದು ದಿನ ನೀಲವೇಣಿ ಸಹಿ ಹಾಕಿ, ಅದರ ಕೆಳಗೆ ತಾನೇ ಒಂದು ಸಾಲು ಬರೆದಳು: ‘ಇವತ್ತು ಅಪ್ಪ ಬಂದು ಕೂರಬಹುದು.’ ಪಂಪಣ್ಣ ತಲೆಗೆ ನೀರು ಹಚ್ಚಿ ಬಾಚಿಕೊಂಡು, ಯಾರದೋ ಮದುವೆಗೆ ಬಂದವನ ಹಾಗೆ ಬಂದ. ಒಳಗೆ ಅಪ್ಪ, ಮಗಳು, ಮೇಡಂ ಮೂವರೇ. ಒಂದೂವರೆ ಗಂಟೆ ಬಾಗಿಲು ತೆರೆಯಲಿಲ್ಲ. ಹೊರಗೆ ಬಂದವನು ನನ್ನ ಹತ್ತಿರ ನೀರು ಕೇಳಿ ಎರಡು ಲೋಟ ಗಟಗಟ ಕುಡಿದ. ಕಣ್ಣು ಕೆಂಪಗಿತ್ತು, ಮುಖ ತೊಳೆದಿಟ್ಟ ಹಾಗಿತ್ತು. ಇಬ್ಬರೂ ಆಟೋ ಹತ್ತಿ ಹೋದರು. ದಾರಿಯಲ್ಲಿ ಮಿರ್ಚಿಭಜಿ ತಿಂದರಂತೆ. ಅಷ್ಟು ಮಾತ್ರ ನನಗೆ ಗೊತ್ತು, ಅದೂ ಮರುದಿನ ಅವನೇ ಹೇಳಿದ್ದರಿಂದ.

ಭಾಗೀರಥಿಯನ್ನೂ ಮೇಡಂ ಒಮ್ಮೆ ಕೇಳಿದರು, ಈಗಲಾದರೂ ಬರುತ್ತೀರಾ ಅಂತ. ಮರುದಿನ ಉತ್ತರ ಬಂತು: “ಕೇಳಿದ್ರಲ್ಲ, ಸಂತೋಷ. ಬೇಡ. ಈ ಒಂದು ದಿನ ನನಗೆ ಒಗ್ಗಿಹೋಗಿದೆ. ಯೋಚನೆ ಮಾಡಿ ಮಾತಾಡೋ ಹೆಂಗಸು ಅಂತ ಊರಲ್ಲಿ ಹೆಸರು ಬಂದಿದೆ, ಅದನ್ನ ಯಾಕೆ ಕಳ್ಕೊಳ್ಳಲಿ?” ಮೇಡಂ ನಕ್ಕು, ಒತ್ತಾಯ ಮಾಡಲಿಲ್ಲ.

ಒಂದು ವರ್ಷದ ಗಡುವು ಮುಗಿಯುವ ಹೊತ್ತಿಗೆ ಪುಸ್ತಕದಲ್ಲಿ ಅಂಥ ಬಿಡಿ ಅಕ್ಷರದ ಸಹಿಗಳು ಮೂವತ್ತನ್ನು ದಾಟಿದ್ದವು. ಜಯಶೀಲಪ್ಪನವರ ತಂಗಿಯ ಮಗಳದೂ ಒಂದಿತ್ತು, ಅದನ್ನು ನಾನು ಯಾರಿಗೂ ಹೇಳಿಲ್ಲ. ನಿಯಮ ಮುಂದುವರಿಯಿತು.

ಹೋದ ಶುಕ್ರವಾರ ನೀಲವೇಣಿ ಬಂದಿದ್ದಳು. ಈಗ ಕಾಲೇಜು, ಭುಜದವರೆಗೆ ಕತ್ತರಿಸಿದ ಕೂದಲು, ಥ್ರೋಬಾಲಿನಲ್ಲಿ ಉಳುಕಿದ ಬೆರಳಿಗೆ ಪಟ್ಟಿ. ಎರಡು ತಿಂಗಳ ಹಿಂದೆ ಅವಳ ತಡ ನಾಲ್ಕೈದು ನಿಮಿಷಕ್ಕೆ ಇಳಿದಿತ್ತು. ಅದಾದ ಮೇಲೆ ನಾನು ರಜೆಯಲ್ಲಿದ್ದೆ, ಅವಳನ್ನು ನೋಡಿರಲಿಲ್ಲ. ಕಿಟಕಿಯ ಮುಂದೆ ನಿಂತು, “ಆಂಟಿ, ಮುಂದಿನ ವಾರದಿಂದ ನಾನು ಬರಲ್ಲ. ಮೇಡಂ ಹತ್ರ ಮಾತಾಡಿದೀನಿ. ಬೇಕು ಅನ್ಸಿದ್ರೆ ಮತ್ತೆ ಬರ್ತೀನಿ. ಸದ್ಯಕ್ಕೆ ಸಾಕು ಅಂತ ನಂಗೇ ಅನ್ಸಿದೆ” ಅಂದಳು.

ನಾನು ರೂಢಿಯಂತೆ ಪೆನ್ನು ಹಿಡಿದು, ಅವಳ ತುಟಿಯನ್ನೇ ನೋಡುತ್ತಾ, ಮಾತು ಬರಲಿ ಅಂತ ಕಾಯುತ್ತಾ ಕೂತೆ. ಗಡಿಯಾರದ ಕಡೆಗೂ ಒಮ್ಮೆ ನೋಡಿದೆ. ಅವಳು ಕಿಟಕಿಯ ಕಟ್ಟೆಗೆ ಮೊಳಕೈ ಊರಿ, ತಲೆ ಓರೆ ಮಾಡಿ ನಗಲು ಶುರುಮಾಡಿದಳು.

“ಆಂಟಿ, ಹೇಳಿದ್ದಾಯ್ತು. ಇನ್ನೇನು ಕಾಯ್ತಿದೀರಿ?”